ನಬೀಸಾಬರ ಮಗಳ ಪಾಸ್‌ಪೋರ್ಟು

ಮೊನ್ನೆ ಕೊಟ್ಟೂರಿನಲ್ಲಿ ಹರಪನಹಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬೆನ್ನ ಹಿಂದೆ ಒಂದು ಗಾದಿ ಅಂಗಡಿ. ಒಳಗೆ ಯಂತ್ರವೊಂದು ಗರಗರ ಎನ್ನುತ್ತ ಹಳೆಯ ಹತ್ತಿಯನ್ನು ಹಿಂಜುತ್ತಿತ್ತು. ಬಿಸಿಲಿನಲ್ಲಿ ಒಂದು ಎಳೆ ತೇಲಿಕೊಂಡು ಬಂದು ನನ್ನ ಹೆಗಲ ಮೇಲೆ ಕೂತಿತು. ಹಿಂಜಿದ ಹತ್ತಿಗೆ ಅದರದೇ ಒಂದು ವಾಸನೆಯಿದೆ. ಧೂಳಿನದೂ ಅಲ್ಲ, ಬೀಜದ ಎಣ್ಣೆಯದೂ ಅಲ್ಲ, ಬಿಸಿಲಿಗೆ ಹಾಕಿದ ಕೌದಿಯದೂ ಅಲ್ಲ; ಮೂರೂ ಕೂಡಿದ್ದು. ಬಸ್ಸು ಬಂತು, ಕಂಡಕ್ಟರು ಎರಡು ಸಲ ಕೂಗಿದ, ನಾನು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತು ಎಂದುಕೊಂಡು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟೆ.

ಆ ವಾಸನೆಯೊಳಗೆ ನನ್ನ ಪಾಲಿಗೆ ಒಂದೇ ಒಂದು ಹಂಗಾಮು ಇದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಎರೆಹೊಲಗಳಲ್ಲಿ ಹತ್ತಿ ಬಿಡಿಸುವಾಗ ಶುರುವಾಗಿ ಬೇವು ಚಿಗುರುವ ಹೊತ್ತಿಗೆ ಮುಗಿದ ಹಂಗಾಮು. ನಾನು ಬಳ್ಳಾರಿಯಲ್ಲಿ ನರ್ಸಿಂಗ್ ಕಲಿತು ಅಲ್ಲೇ ಕೆಲಸಕ್ಕಿದ್ದೆ. ಮಸ್ಕತ್ತಿನ ಆಸ್ಪತ್ರೆಯೊಂದಕ್ಕೆ ನರ್ಸುಗಳು ಬೇಕಾಗಿದ್ದಾರೆ ಎಂದು ಕೇಳಿ, ಆಗಲಿ ಹೋಗಲಿ ಎಂದು ಅರ್ಜಿ ಹಾಕಿದ್ದೆ. ಆರಿಸಿಯೇಬಿಟ್ಟರು. ಯುಗಾದಿಯೊಳಗೆ ಪಾಸ್‌ಪೋರ್ಟು ತೋರಿಸಿದರೆ ಕೆಲಸ ನನ್ನದು, ಇಲ್ಲವಾದರೆ ಸಾಲಿನಲ್ಲಿ ನನ್ನ ಹಿಂದೆ ನಿಂತವಳದು. ಅಲ್ಲಿಯವರೆಗೆ ನಾನು ನೋಡಿದ ದೊಡ್ಡ ನೀರೆಂದರೆ ಹೊಸಪೇಟೆಯ ಡ್ಯಾಮು. ಕುರಿ ಕಾಯುತ್ತಿದ್ದ ನಮ್ಮಪ್ಪ ಮಂದೆಯ ಹಿಂದೆ ಹೊಳೆ ದಾಟಿ ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದ. ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಏನನ್ನೂ ದಾಟಿರಲಿಲ್ಲ. ನನಗೆ ಹೋಗಬೇಕಿತ್ತು. ಹಸಿವಾದ ಹಾಗೆ, ಅಷ್ಟು ನೇರವಾಗಿ ಹೋಗಬೇಕೆನಿಸಿತ್ತು.

ಪಾಸ್‌ಪೋರ್ಟು ಎಂದರೆ ಏನೆಂದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೋಗಳಿಯಿಂದ ಹೊಲದ ದಾರಿ ಹಿಡಿದರೆ ಸಿಗುವ ಸಣ್ಣ ಊರು ನಮ್ಮದು. ಹಗರಿಬೊಮ್ಮನಹಳ್ಳಿಯ ಸ್ಟುಡಿಯೋದಲ್ಲಿ ಎರಡೂ ಕಿವಿ ಕಾಣುವಂತೆ ಫೋಟೋ ತೆಗೆಸಿದೆ. ಶಾಲೆಯ ಟಿ.ಸಿ., ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮನೆಯ ರೇಷನ್ ಕಾರ್ಡು ಎಲ್ಲ ಹೊಂದಿಸಿಕೊಂಡು, ಅವುಗಳ ನಕಲಿಗೆ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರ ಹಸಿರು ಶಾಯಿಯ ಸಹಿ ಹಾಕಿಸಿಕೊಂಡೆ. ಅಂಚೆಯನ್ನು ನಂಬದೆ ಖುದ್ದಾಗಿ ಬೆಂಗಳೂರಿಗೆ ಹೋಗಿ ಕಚೇರಿಯ ಸಾಲಿನಲ್ಲಿ ನಿಂತೆ.

ಕೌಂಟರಿನ ಹಿಂದೆ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಕಾಗದಗಳನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ನೋಡಿದರು. ಒಂದು ಕಡೆ ಅವರ ಬೆರಳು ನಿಂತಿತು.

"ತಿಪ್ಪಮ್ಮ ಅಂದರೆ ನೀವೇ ತಾನೆ?"

"ಹೌದ್ರಿ."

"ಶಾಲೆ ಸರ್ಟಿಫಿಕೇಟಲ್ಲಿ ತಂದೆ ನಬೀಸಾಬ್ ಅಂತಿದೆ. ರೇಷನ್ ಕಾರ್ಡಲ್ಲಿ ಬೀರಪ್ಪ ಅಂತಿದೆ. ಏನಮ್ಮ ಇದು?"

"ಇಬ್ಬರೂ ಹೌದ್ರಿ," ಎಂದೆ. ನಮ್ಮೂರಲ್ಲಾಗಿದ್ದರೆ ಆ ಉತ್ತರ ಸಾಕಾಗುತ್ತಿತ್ತು.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಗು ಬಂದಿರಬೇಕು, ತಡೆದುಕೊಂಡರು. "ನೋಡಮ್ಮ, ಸರ್ಕಾರಕ್ಕೆ ಒಬ್ಬ ಅಪ್ಪ ಸಾಕು. ನಿಮ್ಮ ತಾಯಿ ಇದ್ದಾರಾ? ತಾಲ್ಲೂಕು ಮ್ಯಾಜಿಸ್ಟ್ರೇಟ್ ಮುಂದೆ ಅವರು ಪ್ರಮಾಣ ಮಾಡಿ, ಇವಳು ನನ್ನ ಮಗಳು, ಇಂಥವರಿಗೆ ಹುಟ್ಟಿದವಳು ಅಂತ ಹೇಳಲಿ. ಆ ಇನ್ನೊಬ್ಬರೂ ತಾನು ತಂದೆ ಅಲ್ಲ ಅಂತ ಬರೆದುಕೊಡಲಿ. ಆ ಎರಡು ಅಫಿಡವಿಟ್ ತನ್ನಿ, ಉಳಿದಿದ್ದೆಲ್ಲ ಸರಿ ಇದೆ."

ಅವರ ಪ್ರಕಾರ ಅದು ಚಿಕ್ಕ ಕೆಲಸ. ನನಗೆ ಮಾತ್ರ ಹಾಗಲ್ಲ. ಯಾಕೆಂದರೆ, ಇವಳು ನನ್ನ ಮಗಳು ಎಂಬ ಮಾತನ್ನು ನನ್ನನ್ನು ಹೆತ್ತವಳು ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಆಡಿರಲಿಲ್ಲ.

ಅದನ್ನು ಇಲ್ಲಿ ಬಿಡಿಸಿ ಹೇಳಬೇಕು. ನನಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಹಾಗಾದ ಮನೆಯಲ್ಲಿ ಮುಂದಿನ ಕೂಸು ಉಳಿಯಬೇಕೆಂದರೆ ಅದು ತಮ್ಮದಲ್ಲ ಎಂದು ತೋರಿಸಬೇಕು ಎನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ನಾನು ಹುಟ್ಟಿದಾಗ ನನ್ನನ್ನು ಮೊರದಲ್ಲಿಟ್ಟು ಒಯ್ದು ತಿಪ್ಪೆಯ ಮೇಲೆ ಇಟ್ಟರಂತೆ. ಪಕ್ಕದ ಮನೆಯ ಫಾತಿಮಾಬಿ ಏನೂ ಗೊತ್ತಿಲ್ಲದವಳ ಹಾಗೆ ಆ ದಾರಿಯಲ್ಲಿ ಬಂದು, "ಅಯ್ಯ, ಯಾರದವ್ವ ಈ ಕೂಸು?" ಎಂದು ಕೇಳಿ, ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡಳಂತೆ. ಅದಕ್ಕೇ ನಾನು ತಿಪ್ಪಮ್ಮ. ಫಾತಿಮಾಬಿಯ ಗಂಡ ನಬೀಸಾಬ್ ಹತ್ತಿ ಹಿಂಜುವವರು, ಪಿಂಜಾರರು. ಅವತ್ತಿನಿಂದ ನಾನು ಲೆಕ್ಕಕ್ಕೆ ಅವರ ಮಗಳು. ಹೆತ್ತವಳು ಹಾಲು ಕುಡಿಸಿದಳು, ಜಡೆ ಹಾಕಿದಳು, ಬೈದಳು, ಬಡಿದಳು, ಎಲ್ಲ ಮಾಡಿದಳು. ಯಾರಾದರೂ ಕೇಳಿದರೆ ಮಾತ್ರ, "ನಮ್ಮಾಕಿ ಅಲ್ರಿ, ನಬೀಸಾಬರ ಮಗಳು. ಇಲ್ಲೇ ಉಂಡು ಬಿದ್ದಿರ್ತಾಳ," ಎನ್ನುತ್ತಿದ್ದಳು. ಅವಳನ್ನು ನಾನು ಅವ್ವ ಎನ್ನುವಂತಿರಲಿಲ್ಲ. ಅಕ್ಕ ಎನ್ನುತ್ತಿದ್ದೆ. ಫಾತಿಮಾಬಿ ನನಗೆ ಬೀಯವ್ವ, ನಬೀಸಾಬರು ಸಾಬಪ್ಪ. ಮದುವೆಯ ಹೊತ್ತಿಗೆ ಹೆತ್ತವರು ಮತ್ತೆ ತೌಡು ಕೊಟ್ಟು ಬಿಡಿಸಿಕೊಳ್ಳುವುದು ರೂಢಿ. ನಾನು ಓದು, ಕೆಲಸ ಎಂದು ಮದುವೆಯನ್ನು ಮುಂದಕ್ಕೆ ಹಾಕುತ್ತ ಬಂದವಳು. ಹಾಗಾಗಿ ಮಾರಿದ ಕೂಸು ಮಾರಿದ ಹಾಗೆಯೇ ಉಳಿದಿತ್ತು.

ಶಾಲೆಗೆ ಹಾಕುವಾಗ ಅಪ್ಪ ಕುರಿಗಳ ಜೊತೆ ಎಲ್ಲೋ ಇದ್ದ. ಸಾಬಪ್ಪನೇ ಕೈ ಹಿಡಿದು ಕರೆದುಕೊಂಡು ಹೋದರು. ಮಾಸ್ತರು ತಂದೆಯ ಹೆಸರು ಕೇಳಿದರು. ರೂಢಿ ಮುರಿದರೆ ಕೂಸಿಗೆ ಕೇಡು ಎಂಬ ಭಯ ಅವರಿಗೂ ಇತ್ತು. ಎದೆ ಸೆಟೆಸಿ, "ನಬೀಸಾಬ್ ಅಂತ ಬರಕೊಳ್ರಿ," ಎಂದರು. ಊರವರೇ ಆದ ಮಾಸ್ತರಿಗೂ ಎಲ್ಲ ಗೊತ್ತಿತ್ತು. ಬರೆದುಕೊಂಡರು. ಅದರಲ್ಲಿ ತಪ್ಪು ಯಾರಿಗೂ ಕಂಡಿರಲಿಲ್ಲ.

ಬೆಂಗಳೂರಿನಿಂದ ಬಂದು ವಿಷಯ ಹೇಳಿದಾಗ ಅಕ್ಕ ಜೋಳ ಹಸನು ಮಾಡುತ್ತಿದ್ದಳು. ಮಾಳವ್ವ ಎಂದು ಅವಳ ಹೆಸರು. ಮಾತಿಗಿಂತ ಕೆಲಸ ಜಾಸ್ತಿ. ಎಲ್ಲವನ್ನೂ ಕೇಳಿ, "ಅಷ್ಟ ಅಲ್ಲೇನು? ಬರ್ತೀನಿ ತಗ," ಎಂದಳು. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ನನಗೇ ಅನುಮಾನ ಬರಬೇಕಿತ್ತು.

ಹಗರಿಬೊಮ್ಮನಹಳ್ಳಿಯ ತಾಲ್ಲೂಕು ಕಚೇರಿಯ ಬೇವಿನ ಮರದ ಕೆಳಗೆ ಟೈಪು ಮಾಡುವ ರುದ್ರಪ್ಪ ಎರಡು ಕಾಗದ ಸಿದ್ಧಮಾಡಿ ಕೊಟ್ಟ. ಸಾಬಪ್ಪ, ಅಕ್ಕ, ನಾನು ಮೂವರೂ ತಹಶೀಲ್ದಾರರ ಮುಂದೆ ನಿಂತೆವು. ಗುಮಾಸ್ತ ಓದಿ ಹೇಳಿದ. ತಹಶೀಲ್ದಾರರು ಒಳ್ಳೆಯ ಮನುಷ್ಯ, ಅಕ್ಕನ ಕಡೆ ನೋಡಿ ಮೆತ್ತಗೆ ಕೇಳಿದರು.

"ದೇವರ ಮೇಲೆ ಆಣೆ ಮಾಡಿ ಹೇಳಮ್ಮ. ಈಕೆ ಯಾರ ಮಗಳು?"

ಫ್ಯಾನು ತಿರುಗುತ್ತಿತ್ತು. ಅಕ್ಕ ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. ತುಟಿ ಅಲುಗಿತು.

"ನಬೀಸಾಬರ ಮಗಳ್ರಿ," ಎಂದಳು.

ತಹಶೀಲ್ದಾರರು ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲಿ ಬಂದು ತಮಾಷೆ ಮಾಡಬ್ಯಾಡ್ರಿ. ಮನೇಲಿ ಮಾತಾಡಿಕೊಂಡು ಬರ್ರಿ."

ಹೊರಗೆ ಬಂದಾಗ ಸಾಬಪ್ಪ ತಮ್ಮ ಟೋಪಿಯನ್ನು ತೆಗೆದು ತೆಗೆದು ಹಾಕಿಕೊಳ್ಳುತ್ತಿದ್ದರು. "ನಾನ ಅಪ್ಪ ಅಂತ ಬರಕೊಟ್ರ ನಡೆಯಂಗಿಲ್ಲೇನು ರುದ್ರಪ್ಪ? ನನಗೇನು ಅಡ್ಡಿ ಇಲ್ಲ," ಎಂದು ಟೈಪಿನವನನ್ನು ಕೇಳಿದರು. ರುದ್ರಪ್ಪ ಕಿವಿಯಿಂದ ಬೀಡಿ ತೆಗೆದು, "ನಡಿತೈತಿ ಸಾಬ್ರ. ಆಮ್ಯಾಲ ಆಕಿ ಮಸ್ಕತ್ತಿಗೆ ಹೊಕ್ಕಾಳ, ಸುಳ್ಳು ಪ್ರಮಾಣ ಮಾಡಿದ್ದಕ್ಕ ನೀವು ಬಳ್ಳಾರಿ ಜೈಲಿಗೆ ಹೊಕ್ಕೀರಿ," ಎಂದ.

ಕೋಗಳಿಯಲ್ಲಿ ಬಸ್ಸಿಳಿದಾಗ ಇಳಿಹೊತ್ತು. ಸಾಬಪ್ಪ ಮುಂದೆ ನಡೆದರು. ಹಳೆಯ ಬಸದಿಯ ಕಲ್ಲುಗಳು ದಿನವಿಡೀ ಬಿಸಿಲು ಕುಡಿದು ಬೆಚ್ಚಗಿದ್ದವು. ಅಕ್ಕ ಅಲ್ಲಿ ಸ್ವಲ್ಪ ಕೂತಳು. ನನ್ನ ಸಿಟ್ಟು ಇಳಿದಿರಲಿಲ್ಲ.

"ನಾ ಹೋಗೋದು ಬ್ಯಾಡ ಅಂದ್ರ ಮದ್ಲ ಹೇಳಬೇಕಿತ್ತು. ಎಲ್ಲಾರ ಮುಂದ ನಾ ನಿನ್ನ ಮಗಳ ಅಲ್ಲ ಅಂದ್ಯಲ್ಲ."

ಅಕ್ಕ ಹೊಲದ ಕಡೆ ನೋಡುತ್ತ ಹೇಳಿದಳು. "ಮೂರು ಕೂಸಿಗೆ ನನ್ನ ಮಗ, ನನ್ನ ಮಗಳು ಅಂತ ಎದಿ ತುಂಬ ಅಂದೀನಿ. ಮೂರೂ ಮಣ್ಣಾಗ ಹೋದ್ವು. ನಿನಗೊಬ್ಬಾಕಿಗೆ ಅನ್ನಲಿಲ್ಲ. ನೀ ಉಳಿದಿ. ಅನ್ಬೇಕಂತ ಬಾಯಿತನಕ ಎಷ್ಟು ಸಲ ಬಂದೈತಿ, ನಿನಗೇನು ಗೊತ್ತೈತಿ? ನುಂಗೀನಿ. ಈಗ ನೀರಿನ ಆಚಿಗೆ ಹೋಗ್ತೀನಿ ಅಂತೀ. ಇಂಥಾ ಹೊತ್ತಿನಾಗ ಅನ್ನು ಅಂತೀರಲ್ಲ."

ನಾನು ನರ್ಸು. ಕೂಸುಗಳು ಯಾಕೆ ಸಾಯುತ್ತವೆ ಎಂದು ಓದಿ ಪರೀಕ್ಷೆ ಬರೆದವಳು. ಧನುರ್ವಾಯು, ಭೇದಿ, ಹಳೆ ಕುಡುಗೋಲಲ್ಲಿ ಕೊಯ್ದ ಹೊಕ್ಕಳಬಳ್ಳಿ ಎಂದು ಎಲ್ಲವನ್ನೂ ಹೇಳಬಹುದಿತ್ತು. ಅದರ ಬದಲು ಅವಳ ಪಕ್ಕದಲ್ಲಿ ಆ ಬೆಚ್ಚನೆ ಕಲ್ಲಿನ ಮೇಲೆ ಕೂತೆ. ಜೀವಮಾನವಿಡೀ ನನ್ನನ್ನು ನಿರಾಕರಿಸುತ್ತಲೇ ಕಾಪಾಡಿದ್ದಳು ಆ ಹೆಂಗಸು.

ಆಮೇಲಿನ ದಿನಗಳು ನೆನಪಿನಲ್ಲಿ ಮಂಜು ಮಂಜು. ರಜೆ ಹಾಕಿ ಊರಲ್ಲೇ ಉಳಿದಿದ್ದೆ. ಬೆಳಗಿನ ಇಬ್ಬನಿಯಲ್ಲಿ ಅಕ್ಕನ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದೆ. ಎರೆಹೊಲ ಕಪ್ಪಗೆ, ಒಡೆದ ಕಾಯಿಗಳು ಬೆಳ್ಳಗೆ, ಆಕಾಶವೇ ತಲೆಕೆಳಗಾಗಿ ಬಿದ್ದ ಹಾಗೆ. ನಾವಿಬ್ಬರೂ ಮಾತಿಲ್ಲದೆ ಉಡಿ ತುಂಬಿಕೊಳ್ಳುತ್ತಿದ್ದೆವು. ಮಧ್ಯಾಹ್ನ ಪಕ್ಕದ ಮನೆಯಿಂದ ಸಾಬಪ್ಪನ ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದು. ಅವರ ಪಡಸಾಲೆಯಲ್ಲಿ ಹತ್ತಿ ಹಾರಾಡುತ್ತಿತ್ತು, ಅವರ ಹುಬ್ಬು ಗಡ್ಡಗಳಲ್ಲೆಲ್ಲ ಅದೇ. ಚಿಕ್ಕಂದಿನಲ್ಲಿ ಆ ರಾಶಿಯ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದೆ. ಆ ವರ್ಷವೂ ಒಮ್ಮೆ ಮಲಗಿದೆ. ಕಣ್ಣು ಮುಚ್ಚಿದರೆ ಸಮುದ್ರ ಇಷ್ಟೇ ಮೆತ್ತಗೆ ಇರಬಹುದು ಅನ್ನಿಸಿತು. ಎದ್ದಾಗ ಮೈಮೇಲೆ ಬೀಯವ್ವನ ಹಳೆಯ ಸೀರೆ ಹೊದೆಸಿತ್ತು.

ಹರಪನಹಳ್ಳಿ ಕಡೆಯ ಅರಸೀಕೆರೆಯ ಸೋದರಮಾವ ಸುದ್ದಿ ಕೇಳಿ ಬಂದ. "ಇದರಾಗ ಏನೈತಿ? ಮದ್ಲ ಲಗ್ನ ಮಾಡ್ರಿ. ಲಗ್ನದಾಗ ರೂಢಿ ಪ್ರಕಾರ ಬಿಡಿಸ್ಕೊಳ್ರಿ. ಆಮ್ಯಾಲ ಪಾಸ್‌ಪೋರ್ಟೋ ಗೀಸ್‌ಪೋರ್ಟೋ," ಎಂದು ತೀರ್ಪು ಕೊಟ್ಟ. ಮದುವೆಯಾದರೆ ಮಸ್ಕತ್ತು ಅಲ್ಲಿಗೆ ಮುಗಿಯಿತು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅಕ್ಕ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಆಚೆ ಕಡೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಬೀಯವ್ವ ಸೀದಾ ಒಳಗೆ ಬಂದು ಹೊಸ್ತಿಲ ಮೇಲೆ ನಿಂತಳು.

"ಅಲ್ಲಪ್ಪಾ, ಲಗ್ನಕ್ಕ ಯಾಕ ಬಿಡಿಸ್ಕೋತಾರ? ಹುಡುಗಿ ಬ್ಯಾರೆ ಮನಿಗೆ ಹೊಕ್ಕಾಳ ಅಂತ. ಇಕಿ ಬ್ಯಾರೆ ಮುಲುಕಿಗೇ ಹೊಂಟಾಳ. ಅದಕ್ಕಿಂತ ದೊಡ್ಡ ಲಗ್ನ ಬೇಕೇನು? ಮಾಳವ್ವ, ತೌಡು ತಗೊಂಡು ಬಾ. ನನ್ನ ಮಗಳನ್ನ ನಾ ಕೊಡ್ತೀನಿ. ಕೊಡಾಕಿ ನಾನು, ಇವರದೇನು ನಡುವ?"

ರೂಢಿಯನ್ನು ರೂಢಿಯಿಂದಲೇ ಹೊಡೆದಿದ್ದಳು. ಅಕ್ಕ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಅದು ಹೊತ್ತಿ ವಾಸನೆ ಬರುವವರೆಗೂ ಬೀಯವ್ವನ ಮುಖ ನೋಡುತ್ತ ಕೂತಿದ್ದಳು.

ಒಂದು ಸೋಮವಾರ ಬೆಳಕು ಹರಿಯುವ ಮುಂಚೆ ನನ್ನನ್ನು ಎಬ್ಬಿಸಿ ನೀರು ಹಾಕಿದರು. ಆಸ್ಪತ್ರೆಯ ವಾರ್ಡಿನಲ್ಲಿ ಹುಡುಗಿಯರನ್ನು ಗದರಿಸುವ ನಾನು, ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ನಮ್ಮ ಮನೆಯ ತಿಪ್ಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ನಗು ತಡೆಯಲಾಗುತ್ತಿರಲಿಲ್ಲ. ಕೆಳಗಿನಿಂದ ಗೊಬ್ಬರದ ಕಾವು ಬೆಚ್ಚಗೆ ಏರುತ್ತಿತ್ತು. ಸುತ್ತ ಇಬ್ಬನಿ, ದೂರದಲ್ಲಿ ಯಾರದೋ ಕುರಿಹಟ್ಟಿಯ ಸದ್ದು. ಬೀಯವ್ವ ನನ್ನ ತಲೆಯ ಮೇಲೆ ಮೊರ ಹಿಡಿದು ನಿಂತಳು. ಅಕ್ಕ ಇನ್ನೊಂದು ಮೊರದಲ್ಲಿ ತೌಡು ತುಂಬಿಕೊಂಡು, ಏಳುಕೋಟಿ ಎಂದು ಮೈಲಾರಲಿಂಗನನ್ನು ನೆನೆಯುತ್ತ ಆ ದಾರಿಯಲ್ಲಿ ಬಂದಳು.

"ಯಾರದವ್ವ ಈ ಕೂಸು?" ಎಂದಳು.

"ನನ್ನದು. ತೌಡು ಕೊಟ್ರ ಕೊಡ್ತೀನಿ."

"ಕೊಡ್ತೀಯೇನು?"

ನಗುತ್ತಿದ್ದ ನಾನು ತಲೆಯೆತ್ತಿ ಬೀಯವ್ವನನ್ನು ನೋಡಿದೆ. ಮೊರದ ನೆರಳಿನಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ, ಹನಿ ಮಾತ್ರ ನನ್ನ ಕೈಮೇಲೆ ಬಿತ್ತು. ಅವಳಿಗೆ ಇಬ್ಬರು ಗಂಡುಮಕ್ಕಳು, ಹೆಣ್ಣೆಂದರೆ ನಾನೊಬ್ಬಳೇ. "ಕೊಟ್ಟೆ," ಎಂದಳು. ಸಾಬಪ್ಪ ತಿಪ್ಪೆಯ ಹತ್ತಿರ ಬರಲಿಲ್ಲ. ಬೆಳಿಗ್ಗೆಯೇ ಬಿಲ್ಲು ಹಿಡಿದಿದ್ದರು. ಟಂಯ್ ಟಂಯ್ ಎನ್ನುತ್ತಿದ್ದ ಸದ್ದು ಆ ಹೊತ್ತಿಗೆ ನಿಂತಿತು. ನಾನು ಎದ್ದು ಸೀರೆ ಕೊಡವಿಕೊಳ್ಳುವಾಗ ಮತ್ತೆ ಶುರುವಾಯಿತು.

ಅವತ್ತೇ ತಾಲ್ಲೂಕು ಕಚೇರಿಗೆ ಹೋದೆವು. ತಹಶೀಲ್ದಾರರು ನಮ್ಮನ್ನು ನೋಡಿ, "ಮಾತಾಡಿಕೊಂಡು ಬಂದ್ರಾ?" ಎಂದರು. ಮೊದಲು ಸಾಬಪ್ಪನ ಕಾಗದ. "ನಾನು ಈಕೆಯ ತಂದೆಯಲ್ಲ" ಎಂದು ಗುಮಾಸ್ತ ಓದಿದಾಗ ಅವರು ಹೂಂ ಎಂದರು, ಹೆಬ್ಬೆಟ್ಟು ಒತ್ತಿದರು. ಬೆರಳಿಗೆ ಅಂಟಿದ್ದ ಹತ್ತಿಯ ಎಳೆಯೊಂದು ಶಾಯಿಯ ಜೊತೆ ಕಾಗದಕ್ಕೆ ಹತ್ತಿಕೊಂಡಿತು. ಗುಮಾಸ್ತ ಊದಿದ, ಹೋಗಲಿಲ್ಲ. "ಇರ್ಲಿ ಬಿಡ್ರಿ," ಎಂದರು ತಹಶೀಲ್ದಾರರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಈಕೆ ಯಾರ ಮಗಳಮ್ಮ?"

"ನನ್ನ ಮಗಳ್ರಿ!"

ಕಚೇರಿಯವರೆಲ್ಲ ತಲೆ ಎತ್ತಿ ನೋಡುವಷ್ಟು ಜೋರಾಗಿ ಹೇಳಿದಳು. "ನಾನ ಹಡದೀನ್ರಿ. ಬೀರಪ್ಪನ ಮಗಳು, ನನ್ನ ಮಗಳು. ಮೂರು ದಿನ ಬ್ಯಾನಿ ತಿಂದು ಹಡದೀನ್ರಿ. ನನ್ನ ಮಗಳು."

"ಆಯ್ತಮ್ಮ, ಒಂದು ಸಲ ಹೇಳಿದರೆ ಸಾಕು."

ಅವಳಿಗೆ ಸಾಕಾಗಲಿಲ್ಲ. ಚಹದಂಗಡಿಯವನಿಗೆ ಹೇಳಿದಳು, ರುದ್ರಪ್ಪನಿಗೆ ಹೇಳಿದಳು. ಬಸ್ಸಿನಲ್ಲಿ, "ಮೂರು ಕೋಗಳಿ ಕೊಡಪ್ಪ, ಒಂದು ನಬೀಸಾಬರದು, ಒಂದು ನಂದು, ಒಂದು ನನ್ನ ಮಗಳದು," ಎಂದಳು. ಇಷ್ಟು ವರ್ಷ ಬಾಯಲ್ಲಿ ಕಟ್ಟಿಹಾಕಿದ್ದ ಮಾತು ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಾಡುತ್ತಿತ್ತು. ಬಸ್ಸಿಳಿದು ನಡೆಯುವಾಗ ನನ್ನ ರಟ್ಟೆ ಹಿಡಿದು ನಿಲ್ಲಿಸಿ, "ಒಂದ್ಸಲ ಕರಿ," ಎಂದಳು.

"ಏನಂತ?"

"ಏನಂತ ಅಂತಾಳ ನೋಡು."

"ಅವ್ವಾ," ಎಂದೆ. ಅಭ್ಯಾಸವಿಲ್ಲದ ನಾಲಿಗೆ, ಯಾರದೋ ಚಪ್ಪಲಿ ಮೆಟ್ಟಿದ ಹಾಗಾಯಿತು. ಅವಳು "ಹೂಂ" ಎಂದು ಮುಂದೆ ನಡೆದಳು. ದಾರಿಯುದ್ದಕ್ಕೂ ಹಿಂದೆ ತಿರುಗಲಿಲ್ಲ.

ಬೆಂಗಳೂರಿಗೆ ಮತ್ತೆ ಖುದ್ದಾಗಿ ಹೋಗಿ ಕಾಗದಗಳನ್ನು ಕೊಟ್ಟೆ. ಕನ್ನಡಕದವರು ಹತ್ತಿಯ ಎಳೆಯನ್ನು ಉಗುರಿನಿಂದ ಮುಟ್ಟಿ ನೋಡಿದರು, ಏನೂ ಕೇಳದೆ ಮುದ್ರೆ ಒತ್ತಿದರು. ವಿಚಾರಣೆಗೆಂದು ಪೊಲೀಸಪ್ಪ ಸೈಕಲ್ಲಿನಲ್ಲಿ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತವರು ವಾಡಿಕೆಯಂತೆ, "ತಿಪ್ಪಮ್ಮನಾ? ನಬೀಸಾಬರ ಮಗಳಲ್ಲೇನ್ರಿ," ಎಂದುಬಿಟ್ಟರಂತೆ. ಉಡಿಯಲ್ಲಿ ಹತ್ತಿ ತುಂಬಿಕೊಂಡೇ ಹೊಲದಿಂದ ಓಡಿಬಂದ ಅವ್ವ ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು, "ನನ್ನ ಮಗಳು ಅಂತ ಬರಕೊಳ್ರಿ ಮದ್ಲ," ಎಂದಳಂತೆ. ಬೇವು ಚಿಗುರುವಾಗ ಅಂಚೆಯವನು ನೀಲಿ ಪುಸ್ತಕ ತಂದುಕೊಟ್ಟ. ತಂದೆಯ ಹೆಸರು ಬೀರಪ್ಪ ಎಂದು ಅದರಲ್ಲಿತ್ತು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಮೈಲಾರಲಿಂಗನ ಪಟದ ಮುಂದೆ ಇಟ್ಟಳು. ಬೀಯವ್ವ ಬಂದು ನೋಡಿ, "ಫೋಟೋದಾಗ ಕಿವಿ ಬಾಳ ದೊಡ್ಡವು ಬಂದಾವ," ಎಂದಳು.

ಹೊರಡುವ ದಿನ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿಗೆ ಮೂವರೂ ಬಂದರು. ಹೊಸಪೇಟೆಯ ಕಡೆ ಹೋಗುವ ರೈಲು ಹೊಗೆ ಬಿಡುತ್ತ ನಿಂತಿತ್ತು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಸಾಬಪ್ಪ ತಾವೇ ಹಿಂಜಿ ಹೊಲಿದ ಸಣ್ಣ ದಿಂಬನ್ನು ಕಿಟಕಿಯಿಂದ ಒಳಗೆ ತುರುಕಿದರು. ಎದುರಿಗೆ ಕೂತಿದ್ದ ಹಡಗಲಿಯ ಕಡೆಯ ಮುದುಕಿಯೊಬ್ಬಳು ನನ್ನ ಟ್ರಂಕು, ಹೊಸ ಚಪ್ಪಲಿ ಎಲ್ಲ ನೋಡಿ, ಹೊರಗೆ ನಿಂತ ಅವ್ವನನ್ನು ಕೇಳಿದಳು.

"ದೂರ ಹೊಂಟಾಳೇನವ್ವ? ನಿನ್ನ ಮಗಳೇನು?"

ಆ ಒಂದು ತಿಂಗಳಲ್ಲಿ ಹೇಳಿ ಹೇಳಿ ಸವೆದ ಮಾತು ಈಗಲೂ ಬರುತ್ತದೆ ಎಂದುಕೊಂಡಿದ್ದೆ. ಅವ್ವ ರೈಲಿನ ಮುಂದೆ ಹರಡಿದ್ದ ಹಳಿಗಳ ಕಡೆ ನೋಡಿದಳು. ನನ್ನನ್ನು ನೋಡಿದಳು. ತುಟಿ ಅಲುಗಿತು. ಆಮೇಲೆ ಸುತ್ತಲಿನವರಿಗೆಲ್ಲ, ಮೇಲೆ ಆಕಾಶದಲ್ಲಿ ಕಿವಿಗೊಟ್ಟು ಕೂತಿರುವವರಿಗೂ ಕೇಳುವ ಹಾಗೆ ಹೇಳಿದಳು.

"ನಮ್ಮಾಕಿ ಅಲ್ರಿ. ನಬೀಸಾಬರ ಮಗಳು."

ಸಾಬಪ್ಪ ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತರು. ರೈಲು ಅಲುಗಿತು. ನಾನು ಕಿಟಕಿಯ ಸರಳುಗಳ ನಡುವೆ ಕೈ ಹಾಕಿ ಅವಳ ಕೈ ಹಿಡಿದುಕೊಂಡೆ.

"ಹೋಗಿ ಬರ್ತೀನಿ, ಅಕ್ಕಾ," ಎಂದೆ.